ಮೊರಿಯಾ ಹಡಗಿನ ಕಿಂಡಿಯಿಂದ ಹೈಕೋರ್ಟಿನ ಕಟಕಟೆಯವರೆಗೆ



ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನದ ನಡುವಿನ ಕಾಲುದಾರಿ ಹಿಡಿದು ಕೋಟೆಯ ಕಡೆಗೆ ನಡೆಯುವವರು ನಿಮ್ಮಲ್ಲಿ ಎಷ್ಟೋ ಜನರಿದ್ದೀರಿ. ಒಂದು ಕಡೆ ಹುಡುಗರ ಕ್ರಿಕೆಟ್ಟು, ಎದುರಿಗೆ ಕಪ್ಪು ಕಲ್ಲಿನ ಹೈಕೋರ್ಟು. ಒಂಬತ್ತು ಐವತ್ತಕ್ಕೆ ಆಫೀಸು ಮುಟ್ಟಬೇಕಾದವರಿಗೆ ತಲೆಯೆತ್ತಿ ನೋಡಲು ಪುರುಸೊತ್ತೆಲ್ಲಿ? ಒಮ್ಮೆ ನೋಡಿ. 1878ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದ ನೆತ್ತಿಯ ಮೇಲೆ ಎರಡು ಹೆಣ್ಣು ಮೂರ್ತಿಗಳಿವೆ. ಒಬ್ಬಳು ನ್ಯಾಯ, ಇನ್ನೊಬ್ಬಳು ದಯೆ. ಇವತ್ತು ನಾನು ಹೇಳಹೊರಟ ಕಥೆಯಲ್ಲಿ ಮೊದಲನೆಯವಳು ಬಹಳ ಮಾತಾಡುತ್ತಾಳೆ, ಎರಡನೆಯವಳು ಬಾಯಿ ಬಿಡುವುದೇ ಇಲ್ಲ.

ರಾಜಕೀಯದ ಕಾರಣಕ್ಕೆ ತನ್ನ ಸರಕಾರಕ್ಕೆ ಹೆದರಿ ಓಡಿದ ಮನುಷ್ಯ ಬೇರೊಂದು ದೇಶದ ನೆಲದ ಮೇಲೆ ಕಾಲಿಟ್ಟು ‘ನನಗೆ ಆಶ್ರಯ ಕೊಡಿ’ ಅನ್ನುತ್ತಾನೆ. ಅಲ್ಲಿಯವರು ‘ಆಗುವುದಿಲ್ಲ’ ಅನ್ನುತ್ತಾರೆ. ಆ ‘ಆಗುವುದಿಲ್ಲ’ ಸರಿಯೋ ತಪ್ಪೋ ಎಂದು ಕೇಳಲು ಅವನಿಗೆ ಒಂದು ನ್ಯಾಯಾಲಯ ಉಂಟೇ? ಈಗ ಜಗತ್ತಿನ ಎಷ್ಟೋ ದೇಶಗಳಲ್ಲಿ ದಿನಬೆಳಗಾದರೆ ವಿಚಾರಣೆಗೆ ಬರುವ ಪ್ರಶ್ನೆ ಇದು. ಇದು ಮೊದಲ ಸಲ ಜಗತ್ತಿನ ದೊಡ್ಡ ನ್ಯಾಯಪೀಠವೊಂದರ ಮುಂದೆ ಹೋದಾಗ ಅದರ ಒಂದು ತುದಿ ಇದ್ದದ್ದು ನಮ್ಮ ಮುಂಬೈಯಲ್ಲಿ. ಆಗ ಇಲ್ಲಿ ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ನಮ್ಮ ಹೊನ್ನಾವರದವರು.

ವಿನಾಯಕ ದಾಮೋದರ ಸಾವರ್ಕರ್ ಹೆಸರು ಹೇಳಿದ ಕೂಡಲೇ ಕೆಲವರು ಕೈಮುಗಿಯುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಅಂಡಮಾನಿನಿಂದ ಬರೆದ ಕ್ಷಮಾಪಣೆಯ ಅರ್ಜಿಗಳು, ಹಿಂದೂ ಮಹಾಸಭೆಯ ರಾಜಕೀಯ, ಗಾಂಧಿ ಹತ್ಯೆಯ ಮೊಕದ್ದಮೆ ಮತ್ತು 1949ರಲ್ಲಿ ಅದರಿಂದಾದ ಖುಲಾಸೆ, ಇವುಗಳ ಬಗ್ಗೆ ನೀವು ಏನೇ ಅಭಿಪ್ರಾಯ ಇಟ್ಟುಕೊಂಡಿರಿ, ಅದು ನಿಮ್ಮ ಬಳಿ ಭದ್ರವಾಗಿರಲಿ. ನಾನು ಮಾತಾಡುವುದು 27 ವರ್ಷದ ಒಬ್ಬ ಕೈದಿಯ ಬಗ್ಗೆ, ಅದೂ ಎಂಟು ತಿಂಗಳ ಅವಧಿಯ ಬಗ್ಗೆ ಮಾತ್ರ.

ಕಥೆ ಶುರುವಾಗುವುದು ನಾಸಿಕದಲ್ಲಿ. 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ಥಿಯೇಟರಿನಲ್ಲಿ ‘ಶಾರದಾ’ ನಾಟಕ. ನಾಸಿಕದ ಕಲೆಕ್ಟರ್ ಜಾಕ್ಸನ್ ಸಾಹೇಬರಿಗೆ ಮುಂಬೈಗೆ ವರ್ಗವಾಗಿತ್ತು. ಅವರ ಗೌರವಾರ್ಥ ನಾಟಕ ಏರ್ಪಾಡಾಗಿತ್ತು. ಸಂಸ್ಕೃತ ಬಲ್ಲ ಅಧಿಕಾರಿ, ಜನ ಅವರನ್ನು ಪಂಡಿತ ಜಾಕ್ಸನ್ ಎಂದೇ ಕರೆಯುತ್ತಿದ್ದರಂತೆ. ಆದರೆ ಸಾವರ್ಕರರ ಅಣ್ಣ ಗಣೇಶ, ಅಂದರೆ ಬಾಬಾರಾವ್ ಅವರ ಮೇಲಿನ ರಾಜದ್ರೋಹದ ಪ್ರಕರಣವನ್ನು ಮುಂದಕ್ಕೆ ಕಳಿಸಿದವರೂ ಅವರೇ. ಆ ಪ್ರಕರಣದಲ್ಲಿ ಬಾಬಾರಾವ್‌ಗೆ ಜೀವಾವಧಿ ಕರಿನೀರಿನ ಶಿಕ್ಷೆಯಾಗಿತ್ತು. ಅನಂತ ಕಾನ್ಹೆರೆ ಎಂಬ ಹದಿಹರೆಯದ ತರುಣ ಥಿಯೇಟರಿನಲ್ಲಿ ಜಾಕ್ಸನ್ನರನ್ನು ಗುಂಡಿಟ್ಟು ಕೊಂದ. ಅವನನ್ನೂ ಅವನ ಇಬ್ಬರು ಸಂಗಡಿಗರನ್ನೂ 1910ರ ಏಪ್ರಿಲ್‌ನಲ್ಲಿ ನಮ್ಮ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿಸಿದರು.

ಪಿಸ್ತೂಲು ಬಂದದ್ದೆಲ್ಲಿಂದ? ಬ್ರೌನಿಂಗ್ ಕಂಪನಿಯ ಇಪ್ಪತ್ತು ಪಿಸ್ತೂಲುಗಳು ಲಂಡನ್ನಿನ ಇಂಡಿಯಾ ಹೌಸಿನ ಅಡುಗೆಯವ ಚತುರ್ಭುಜ ಅಮೀನ್ ಎಂಬವರ ಪೆಟ್ಟಿಗೆಯಲ್ಲಿ, ಎರಡು ತಳ ಮಾಡಿ ಅದರ ನಡುವೆ ಅಡಗಿಸಿ ಮುಂಬೈಗೆ ಬಂದಿದ್ದವು. ಕಳಿಸಿದವರು ಬ್ಯಾರಿಸ್ಟರಿ ಓದಲು 1906ರಲ್ಲಿ ಲಂಡನ್ನಿಗೆ ಹೋಗಿದ್ದ ಸಾವರ್ಕರ್ ಎಂಬುದು ಆಪಾದನೆ. ಇದನ್ನು ಇಲ್ಲಿ ಬಿಡಿಸಿ ಹೇಳಲು ಕಾರಣವಿದೆ. ಆಶ್ರಯ ಕೇಳುವವನು ಬರಿಯ ಭಾಷಣ ಮಾಡಿದವನಾಗಿದ್ದರೆ ನಮ್ಮ ಮನಸ್ಸು ಬೇಗ ಕರಗುತ್ತದೆ. ಒಬ್ಬ ಅಧಿಕಾರಿಯ ಹೆಣ ನಡುವೆ ಬಿದ್ದಿರುವಾಗ, ಇದು ರಾಜಕೀಯ ಅಪರಾಧವೋ, ಕೊಲೆಗೆ ಕುಮ್ಮಕ್ಕೋ? ಒಂದು ಸರಕಾರದ ಕಣ್ಣಿಗೆ ಕೊಲೆಗಡುಕ, ಇನ್ನೊಂದರ ಕಣ್ಣಿಗೆ ರಾಜಕೀಯ ಪೀಡಿತ. ಈ ಗಂಟು ಇಂದಿಗೂ ಬಿಚ್ಚಿಲ್ಲ.

1910ರ ಮಾರ್ಚ್ 13ರಂದು ಪ್ಯಾರಿಸಿನಿಂದ ಮರಳಿದ ಸಾವರ್ಕರರನ್ನು ಲಂಡನ್ನಿನ ವಿಕ್ಟೋರಿಯಾ ಸ್ಟೇಶನ್ನಿನಲ್ಲಿ ಹಿಡಿದರು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ, ಸ್ವಲ್ಪ ತಾಳ್ಮೆಯಿಂದ ಓದಬೇಕು. ಇಂಗ್ಲೆಂಡಿನಲ್ಲಿ ಆಗ ಎರಡು ಕಾಯ್ದೆಗಳಿದ್ದವು. ಪರದೇಶಕ್ಕೆ ಅಪರಾಧಿಯನ್ನು ಒಪ್ಪಿಸುವ 1870ರ ಕಾಯ್ದೆ ಒಂದು. ಅದರ ಪ್ರಕಾರ ರಾಜಕೀಯ ಅಪರಾಧಿಯನ್ನು ಒಪ್ಪಿಸುವಂತಿಲ್ಲ. ಫ್ರಾನ್ಸೋ ಇಟಲಿಯೋ ಕೇಳಿದ್ದರೆ ಸಾವರ್ಕರರ ವಕೀಲರಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಸಿಗುತ್ತಿತ್ತು. ಸಾಮ್ರಾಜ್ಯದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಕಳಿಸುವ 1881ರ ಕಾಯ್ದೆ ಇನ್ನೊಂದು. ಅದರಲ್ಲಿ ರಾಜಕೀಯ ಅಪರಾಧ ಎಂಬ ಮಾತೇ ಇಲ್ಲ. ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋದಂತೆ, ಆಶ್ರಯದ ಪ್ರಶ್ನೆ ಎಲ್ಲಿಂದ ಬರಬೇಕು? ಮುಂಬೈ ಸರಕಾರ ಕೇಳಿದ್ದು ಈ ಎರಡನೆಯ ಕಾಯ್ದೆಯಲ್ಲಿ.

ಆದರೂ ಆ ಕಾಯ್ದೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ವಾಪಸು ಕಳಿಸುವುದು ಅನ್ಯಾಯ ಅಥವಾ ಪೀಡನೆ ಆಗುತ್ತದೆ ಎಂದು ಮೇಲಿನ ಕೋರ್ಟಿಗೆ ಕಂಡರೆ ಕೈದಿಯನ್ನು ಬಿಡಬಹುದು. ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟರು ‘ಕಳಿಸಿ’ ಅಂದಮೇಲೆ ವಕೀಲರು ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಆ ಬಾಗಿಲು ತಟ್ಟಿದರು. ಇಲ್ಲಿ ಜ್ಯೂರಿಯ ಮುಂದೆ ವಿಚಾರಣೆಯಾಗುತ್ತದೆ, ಅಲ್ಲಿ ಜ್ಯೂರಿ ಇಲ್ಲದ ವಿಶೇಷ ಪೀಠ, ಅದರ ಮೇಲೆ ಅಪೀಲೂ ಇಲ್ಲ, ಇದು ಪೀಡನೆಯಲ್ಲವೇ ಎಂದು ಕೇಳಿದರು. ಜೂನ್‌ನಲ್ಲಿ ಅಪೀಲು ನ್ಯಾಯಾಲಯ ಒಪ್ಪಲಿಲ್ಲ. ಭಾರತದ ಕಾನೂನು ಭಾರತದ ಕಾನೂನೇ, ಅದನ್ನು ಅನ್ಯಾಯ ಎನ್ನಲು ಬರುವುದಿಲ್ಲ ಎಂಬುದು ಆ ನಿಲುವಿನ ತಾತ್ಪರ್ಯ. ಆಡಳಿತದ ತೀರ್ಮಾನವನ್ನು ನ್ಯಾಯಾಲಯ ತೂಗಿ ನೋಡುವ ಅವಕಾಶ ಈ ಕಥೆಯಲ್ಲಿ ಮೂರು ಸಲ ಬರುತ್ತದೆ. ಇದು ಮೊದಲನೆಯದು.

ಜುಲೈ 1ರಂದು ಪಿ ಅಂಡ್ ಓ ಕಂಪನಿಯ ಮೊರಿಯಾ ಹಡಗು ಕೈದಿಯನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟಿತು. 7ರ ಸಂಜೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರು. 8ರ ಬೆಳಿಗ್ಗೆ ಸಾವರ್ಕರ್ ಶೌಚಕ್ಕೆಂದು ಹೋಗಿ, ಹಡಗಿನ ದುಂಡು ಕಿಂಡಿಯಲ್ಲಿ ನುಸುಳಿ ನೀರಿಗೆ ಹಾರಿದರು. ಮುಂದಿನದ್ದನ್ನು ನೀವು ಶಾಲೆಯ ಪುಸ್ತಕದಲ್ಲೋ ಅಜ್ಜನ ಬಾಯಲ್ಲೋ ಕೇಳಿದ್ದೀರಿ. ಮೈಲುಗಟ್ಟಲೆ ಸಮುದ್ರ ಈಜಿದರು ಎಂದು ಹೇಳುವವರೂ ಇದ್ದಾರೆ. ಹಡಗು ಬಂದರಿನೊಳಗೇ ನಿಂತಿತ್ತು, ಈಜಿದ್ದು ದಡದವರೆಗೆ. ಸಾಹಸಕ್ಕೆ ಅಷ್ಟು ಸಾಲದೇ? ನಮ್ಮವರಿಗೆ ಮೈಲಿ ಸೇರಿಸದೆ ಸಮಾಧಾನವಿಲ್ಲ.

ದಡ ಹತ್ತಿ ಓಡಿದರು. ಹಿಂದೆ ‘ಹಿಡಿಯಿರಿ, ಹಿಡಿಯಿರಿ’ ಎಂದು ಹಡಗಿನವರು. ಬಂದರು ಕಾವಲಿನ ಒಬ್ಬ ಫ್ರೆಂಚ್ ಜಮಾದಾರ ಅಡ್ಡಗಟ್ಟಿ ಹಿಡಿದ. ತನ್ನನ್ನು ಇಲ್ಲಿಯ ಮ್ಯಾಜಿಸ್ಟ್ರೇಟರ ಬಳಿ ಕರೆದುಕೊಂಡು ಹೋಗು ಎಂದು ಸಾವರ್ಕರ್ ಕೇಳಿಕೊಂಡರು, ಆ ಫ್ರೆಂಚನಿಗೆ ಇಂಗ್ಲಿಷು ತಿಳಿಯಲಿಲ್ಲ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ದಿನವೂ ಮೈಕಿನ ಮುಂದೆ ಕೂತು ಮಾತನ್ನೇ ಕಸುಬು ಮಾಡಿಕೊಂಡ ನನ್ನಂಥವಳಿಗೆ ಈ ಘಳಿಗೆ ದಾಟಿ ಮುಂದೆ ಹೋಗುವುದು ಕಷ್ಟ. ಆಶ್ರಯ ಎಂಬ ಒಂದು ಪದ, ಅದನ್ನು ಹೇಳಬೇಕಾದವನ ಬಾಯಲ್ಲಿ ಇದೆ, ಕೇಳಬೇಕಾದವನ ಕಿವಿಗೆ ಹೋಗುತ್ತಿಲ್ಲ. ಇವತ್ತಿಗೂ ನಿರಾಶ್ರಿತರ ಅರ್ಜಿಗಳು ದುಭಾಷಿಯ ನಾಲಿಗೆಯ ಮೇಲೆ ಉಳಿಯುವುದೂ ಬೀಳುವುದೂ ಉಂಟು.

ಜಮಾದಾರ ಅವರನ್ನು ಹಿಡಿದು, ಹಡಗಿನ ಪಹರೆಯವರ ಜೊತೆಗೂಡಿ ಮತ್ತೆ ಮೊರಿಯಾಕ್ಕೆ ತಲುಪಿಸಿದ. ಮಾರನೆಯ ದಿನ ಹಡಗು ಹೊರಟುಹೋಯಿತು. ಮೇಡಂ ಕಾಮಾ ಕಾರು ತೆಗೆದುಕೊಂಡು ಬಂದರು, ಕೆಲವು ನಿಮಿಷ ತಡವಾಯಿತು ಎಂಬ ಕಥೆಯೊಂದಿದೆ. ನಾನದನ್ನು ಕಥೆಯೆಂದೇ ಇಡುತ್ತೇನೆ. ಆದರೆ ಪ್ಯಾರಿಸಿನಲ್ಲಿದ್ದ ಆ ನಮ್ಮ ಮುಂಬೈಯ ಪಾರ್ಸಿ ಹೆಣ್ಣುಮಗಳು, ಮಂತ್ರಾಲಯದ ಪಕ್ಕದ ರಸ್ತೆಗೆ ಹೆಸರು ಕೊಟ್ಟವರು, ಸುಮ್ಮನೆ ಕೂರಲಿಲ್ಲ. ಸಮಾಜವಾದಿ ಮುಖಂಡ ಜಾನ್ ಜೋರೆಸರ ‘ಲ್ಯುಮಾನಿತೆ’ ಪತ್ರಿಕೆ ವಿಷಯವನ್ನು ಎತ್ತಿಕೊಂಡಿತು. ಕಾರ್ಲ್ ಮಾರ್ಕ್ಸರ ಮೊಮ್ಮಗ ಜಾನ್ ಲೋಂಗೆ ಅದರಲ್ಲಿ ಬರೆದರು. ಫ್ರಾನ್ಸಿನ ನೆಲದ ಮೇಲೆ ಕಾಲಿಟ್ಟವನನ್ನು ಯಾವ ಕೋರ್ಟಿನ ಮುಂದೂ ನಿಲ್ಲಿಸದೆ ಎತ್ತಿಕೊಟ್ಟದ್ದು ಹೇಗೆ ಎಂದು ಕೂಗೆದ್ದಿತು. ಫ್ರೆಂಚ್ ಸರಕಾರ ಕೈದಿಯನ್ನು ಮರಳಿ ಕೊಡಿ ಎಂದು ಬ್ರಿಟನ್ನನ್ನು ಕೇಳಿತು. ಪತ್ರಗಳು ಹೋದವು, ಪತ್ರಗಳು ಬಂದವು.

ಸಾವರ್ಕರ್ ಜುಲೈ 22ರಂದು ಮುಂಬೈ ಮುಟ್ಟಿದರು.

ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನಲ್ಲಿ ವಿಶೇಷ ಪೀಠ ಕೂತಿತು. 1908ರ ಕಾಯ್ದೆಯ ಪ್ರಕಾರ ಮೂವರು ನ್ಯಾಯಮೂರ್ತಿಗಳು, ಜ್ಯೂರಿ ಇಲ್ಲ. ಮುಖ್ಯ ನ್ಯಾಯಮೂರ್ತಿ ಸರ್ ಬೇಸಿಲ್ ಸ್ಕಾಟ್, ನ್ಯಾಯಮೂರ್ತಿ ಹೀಟನ್, ಮತ್ತು ಸರ್ ನಾರಾಯಣ ಗಣೇಶ ಚಂದಾವರ್ಕರ್.

ಚಂದಾವರ್ಕರರ ಬಗ್ಗೆ ಎರಡು ಮಾತು ಹೆಚ್ಚಿಗೆ ಬರೆದರೆ ನೀವು ಬೇಸರಿಸಲಾರಿರಿ, ಏಕೆಂದರೆ ಮುಂಬೈ ಕನ್ನಡಿಗರು ಮರೆತೇಬಿಟ್ಟ ಹೆಸರು ಅದು. 1855ರಲ್ಲಿ ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿದ ಸಾರಸ್ವತರು. ಓದಲು ಮುಂಬೈಗೆ ಬಂದು ಎಲ್ಫಿನ್‌ಸ್ಟನ್ ಕಾಲೇಜು ಸೇರಿದರು, ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ಭಾಗದ ಸಂಪಾದಕರಾದರು. 1885ರಲ್ಲಿ ಭಾರತದ ಪರವಾಗಿ ಮಾತಾಡಲು ಇಂಗ್ಲೆಂಡಿಗೆ ಹೋದ ಮೂವರಲ್ಲಿ ಒಬ್ಬರು. 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು. ಮರುವರ್ಷವೇ ಹೈಕೋರ್ಟಿನ ನ್ಯಾಯಮೂರ್ತಿ. ರಾನಡೆಯವರ ನಂತರ ಗಿರಗಾಂವಿನ ಪ್ರಾರ್ಥನಾ ಸಮಾಜಕ್ಕೆ ಇವರೇ ಆಧಾರ. ಬಸ್ಸಿನಲ್ಲಿ ಕಂಡಕ್ಟರು ‘ಪ್ರಾರ್ಥನಾ ಸಮಾಜ’ ಎಂದು ಕೂಗುವಾಗ ನಾವು ಇಳಿಯುತ್ತೇವಲ್ಲ, ಅದೇ. ಹೆಣ್ಣುಮಕ್ಕಳ ಶಿಕ್ಷಣ, ವಿಧವಾ ವಿವಾಹ, ಅಸ್ಪೃಶ್ಯತೆಯ ವಿರೋಧ ಇವರು ಬದುಕಿನುದ್ದಕ್ಕೂ ಹಿಡಿದ ಕೆಲಸ. ಸರ್ ಪದವಿ ಬಂದದ್ದು ಈ ಮೊಕದ್ದಮೆ ನಡೆದ 1910ರಲ್ಲೇ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರೊಬ್ಬರು ಬ್ರಿಟಿಷ್ ದೊರೆಯ ವಿರುದ್ಧ ಸಂಚು ಮಾಡಿದ ಆಪಾದನೆ ಹೊತ್ತ ತರುಣನ ಮೇಲೆ ತೀರ್ಪು ಬರೆಯಲು ಕೂತದ್ದು ಇಂದಿನವರಿಗೆ ವಿಚಿತ್ರ ಅನ್ನಿಸೀತು. ಅಂದಿನ ಮಂದಗಾಮಿಗಳಿಗೆ ಅದು ವಿಚಿತ್ರವಲ್ಲ. ಕಾನೂನಿನ ದಾರಿಯಲ್ಲೇ ಸ್ವರಾಜ್ಯ ಎಂದು ನಂಬಿದವರಿಗೆ ಪಿಸ್ತೂಲು ಬ್ರಿಟಿಷರಿಗಿಂತ ದೊಡ್ಡ ಶತ್ರು.

ಆರೋಪಿಯ ಪರ ನಿಂತವರಲ್ಲಿ ಪ್ರಮುಖರು ಮಜಗಾಂವಿನ ಬ್ಯಾರಿಸ್ಟರ್ ಜೋಸೆಫ್ ಬ್ಯಾಪ್ಟಿಸ್ಟಾ, ಜನರ ಪ್ರೀತಿಯ ಕಾಕಾ ಬ್ಯಾಪ್ಟಿಸ್ಟಾ. ಡಾಕ್‌ಯಾರ್ಡ್ ರೋಡ್ ಸ್ಟೇಶನ್ನಿನ ಮೇಲಿನ ಗುಡ್ಡದಲ್ಲಿ ಅವರ ಹೆಸರಿನ ತೋಟ ಇದೆ. ಮೊದಲ ತಕರಾರು ನೇರವಾಗಿತ್ತು. ಈ ಮನುಷ್ಯನನ್ನು ಫ್ರಾನ್ಸಿನ ನೆಲದಿಂದ ಕಾನೂನುಬಾಹಿರವಾಗಿ ತಂದಿದ್ದಾರೆ, ಇವನು ಅಲ್ಲಿಯ ಆಶ್ರಯಕ್ಕೆ ಹಕ್ಕುದಾರ, ಆದ್ದರಿಂದ ಈ ಕೋರ್ಟಿಗೆ ಇವನ ವಿಚಾರಣೆ ಮಾಡುವ ಅಧಿಕಾರವಿಲ್ಲ.

ಪೀಠ ಒಪ್ಪಲಿಲ್ಲ. 1829ರ ಒಂದು ಇಂಗ್ಲಿಷ್ ಪ್ರಕರಣ ಅವರಿಗೆ ದಾರಿ ತೋರಿತು. ಸುಳ್ಳುಸಾಕ್ಷಿಯ ಆಪಾದನೆ ಇದ್ದ ಸ್ಕಾಟ್ ಎಂಬ ಹೆಂಗಸನ್ನು ಇಂಗ್ಲಿಷ್ ಪೊಲೀಸನೊಬ್ಬ ಬ್ರಸೆಲ್ಸಿನಲ್ಲಿ ಹಿಡಿದು ಲಂಡನ್ನಿಗೆ ತಂದಿದ್ದ. ಆರೋಪಿ ಕಟಕಟೆಯಲ್ಲಿ ನಿಂತಮೇಲೆ ಅವಳು ಹೇಗೆ ಬಂದಳು ಎಂದು ಕೋರ್ಟು ಕೇಳುವುದಿಲ್ಲ ಎಂದು ಆಗಿನ ತೀರ್ಪು. ಅದೇ ತತ್ವ ಇಲ್ಲಿಯೂ ನಡೆಯಿತು. ವಿದೇಶದಿಂದ ಅಕ್ರಮವಾಗಿ ತಂದರು ಎಂಬುದು ನಮ್ಮ ವಿಚಾರಣೆಗೆ ಅಡ್ಡಿಯಲ್ಲ. ಫ್ರಾನ್ಸಿಗೆ ಅವಮಾನವಾಗಿದ್ದರೆ ಫ್ರಾನ್ಸ್ ಸರಕಾರ ಬ್ರಿಟಿಷ್ ಸರಕಾರವನ್ನು ಕೇಳಿಕೊಳ್ಳಲಿ, ಆರೋಪಿ ಅದನ್ನು ತನ್ನ ಗುರಾಣಿ ಮಾಡಿಕೊಳ್ಳುವಂತಿಲ್ಲ. ಇದು ಎರಡನೆಯ ಅವಕಾಶ. ಅದೂ ಮುಗಿಯಿತು. ವಕೀಲರಿಗೆ ಇದು ಮುಂಬೈ ಹೈಕೋರ್ಟಿನ ಬಹಳ ಪ್ರಸಿದ್ಧ ತೀರ್ಪುಗಳಲ್ಲೊಂದು. ನನಗಂತೂ ಇದು ತರ್ಕದಲ್ಲಿ ನೆಟ್ಟಗೆ, ಮನಸ್ಸಿಗೆ ಸೊಟ್ಟಗೆ ಕಾಣುತ್ತದೆ. ಕದ್ದು ತಂದ ಮಾಲನ್ನು ಮಾಲಿನ ಗುಣ ನೋಡಿ ಕೊಂಡೆ, ಕಳ್ಳನ ವಿಷಯ ನನಗೆ ಬೇಡ ಎಂದ ಹಾಗೆ.

ಡಿಸೆಂಬರ್‌ನಲ್ಲಿ ಮೊದಲ ಮೊಕದ್ದಮೆಯ ತೀರ್ಪು: ಜೀವಾವಧಿ ಕರಿನೀರು, ಆಸ್ತಿ ಮುಟ್ಟುಗೋಲು. 1911ರ ಜನವರಿ 30ರಂದು ಜಾಕ್ಸನ್ ಕೊಲೆಗೆ ಕುಮ್ಮಕ್ಕು ಕೊಟ್ಟ ಎರಡನೆಯ ಮೊಕದ್ದಮೆಯಲ್ಲಿ ಇನ್ನೊಂದು ಜೀವಾವಧಿ. ಎರಡನ್ನೂ ಒಂದಾದ ಮೇಲೊಂದರಂತೆ, 25ಕ್ಕೆ 25 ಕೂಡಿಸಿ 50 ವರ್ಷ.

ಈಗ ತಾರೀಖುಗಳನ್ನು ಗಮನಿಸಿ. ಬ್ರಿಟನ್ನೂ ಫ್ರಾನ್ಸೂ ವಿವಾದವನ್ನು ಹೇಗ್ ನಗರದ ಪಂಚಾಯ್ತಿ ನ್ಯಾಯಮಂಡಳಿಗೆ ಒಪ್ಪಿಸಲು ಕರಾರು ಮಾಡಿಕೊಂಡದ್ದು 1910ರ ಅಕ್ಟೋಬರ್ 25ರಂದು. ಅಂದರೆ ‘ಈ ಕೈದಿ ಯಾರಿಗೆ ಸೇರಬೇಕು’ ಎಂಬುದು ತೀರ್ಮಾನವಾಗುವ ಮೊದಲೇ ಇಲ್ಲಿ ಎರಡು ಜೀವಾವಧಿಗಳು ಬಿದ್ದಿದ್ದವು. ಹೇಗ್‌ನಲ್ಲಿ ಐದು ಜನ ಪಂಚರು: ಬೆಲ್ಜಿಯಮ್ಮಿನ ಮಾಜಿ ಪ್ರಧಾನಿ ಬೇರ್ನಾರ್ಟ್ ಅಧ್ಯಕ್ಷರು, ಫ್ರಾನ್ಸಿನ ಲೂಯಿ ರೆನೋ, ಇಂಗ್ಲೆಂಡಿನ ಲಾರ್ಡ್ ಡೆಸಾರ್ಟ್, ನಾರ್ವೆಯ ಗ್ರಾಮ್, ಹಾಲೆಂಡಿನ ಲೋಮನ್. ಮೊದಲಿಬ್ಬರು ನೊಬೆಲ್ ಶಾಂತಿ ಪಾರಿತೋಷಕ ಪಡೆದವರು. ಅಲ್ಲಿ ಇಲ್ಲದ ಒಬ್ಬನೇ ವ್ಯಕ್ತಿ ಎಂದರೆ ಸಾವರ್ಕರ್. ಅಲ್ಲಿ ಕಕ್ಷಿಗಾರರು ದೇಶಗಳು ಮಾತ್ರ. ಆಶ್ರಯ ಕೇಳಿದವನಿಗೆ ವಕೀಲನೂ ಇಲ್ಲ, ಮಾತೂ ಇಲ್ಲ. ಜಗಳ ಅವನ ಬಗ್ಗೆ, ಅವನ ಜೊತೆ ಅಲ್ಲ.

1911ರ ಫೆಬ್ರವರಿ 24ರಂದು ತೀರ್ಪು ಬಂತು. ಬಲು ಚಿಕ್ಕ ತೀರ್ಪು. ಹಡಗು ಹೊರಡುವ ಮುಂಚೆಯೇ ಲಂಡನ್ ಪೊಲೀಸರು ಪ್ಯಾರಿಸಿಗೆ ಬರೆದು ತಿಳಿಸಿದ್ದರು, ಕೈದಿ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಲು ಎರಡೂ ಕಡೆಯ ಪೊಲೀಸರ ನಡುವೆ ಏರ್ಪಾಡಾಗಿತ್ತು. ಬ್ರಿಟಿಷ್ ಪಹರೆ ಮೋಸವನ್ನಾಗಲಿ ಬಲಪ್ರಯೋಗವನ್ನಾಗಲಿ ಮಾಡಲಿಲ್ಲ, ಫ್ರೆಂಚ್ ಜಮಾದಾರ ತಾನಾಗಿ ಹಿಡಿದುಕೊಟ್ಟ. ಹಾಗೆ ಹಿಡಿದು ಒಪ್ಪಿಸಿದ್ದರಲ್ಲಿ ಕ್ರಮ ತಪ್ಪಿದ್ದು ನಿಜ ಎಂದು ಪಂಚರು ಒಪ್ಪಿದರು. ಆದರೆ ಪರದೇಶದ ನೌಕರ ಮಾಡಿದ ತಪ್ಪಿಗಾಗಿ, ಕೈದಿಯನ್ನು ಇಟ್ಟುಕೊಂಡ ದೇಶ ಅವನನ್ನು ಹಿಂದಿರುಗಿಸಬೇಕು ಎನ್ನುವ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲ ಅಂದರು. ಮೂರನೆಯ ಅವಕಾಶವೂ ಹೀಗೆ ಹೋಯಿತು. ಇವನಿಗೆ ಆಶ್ರಯ ಸಲ್ಲುತ್ತದೆಯೇ, ಇವನ ಅಪರಾಧ ರಾಜಕೀಯದ್ದೇ ಎಂದು ಲಂಡನ್ ಕೇಳಲಿಲ್ಲ, ಮುಂಬೈ ಕೇಳಲಿಲ್ಲ, ಹೇಗ್ ಕೂಡ ಕೇಳಲಿಲ್ಲ. ಕೇಳಿದ್ದರೆ ‘ಇಲ್ಲ’ ಎಂದೇ ಉತ್ತರ ಬರುತ್ತಿತ್ತೋ ಏನೋ, ಪಿಸ್ತೂಲಿನ ಸಾಕ್ಷ್ಯ ಬಲವಾಗಿತ್ತು. ಆದರೆ ಕೇಳಿ ‘ಇಲ್ಲ’ ಎನ್ನುವುದು ಬೇರೆ, ಕೇಳದೆ ಬಾಗಿಲು ಹಾಕುವುದು ಬೇರೆ.

ಸುದ್ದಿ ಸಾವರ್ಕರರಿಗೆ ಮುಟ್ಟಿದ್ದು ಡೋಂಗ್ರಿಯ ಜೈಲಿನಲ್ಲಿ. 1882ರಲ್ಲಿ ಟಿಳಕರೂ ಆಗರ್ಕರರೂ 101 ದಿನ ಇದ್ದ ಜೈಲು ಅದು. ಕೈದಿಯ ಎದೆಗೆ ಬಿಡುಗಡೆಯ ವರ್ಷ ಬರೆದ ಬಿಲ್ಲೆ ಸಿಕ್ಕಿಸಿದರು: 1960. ಅಲ್ಲಿಂದ ಭಾಯಖಳಾ, ಠಾಣೆ, ಮದ್ರಾಸು, ಕೊನೆಗೆ ಅಂಡಮಾನ್. ಅವರು 1921ರಲ್ಲಿ ಅಲ್ಲಿಂದ ಮರಳಿದರು, 1924ರಲ್ಲಿ ಷರತ್ತುಗಳ ಮೇಲೆ ಬಿಡುಗಡೆಯಾದರು. ಚಂದಾವರ್ಕರರು ಮುಂದೆ ಇಂದೂರಿನ ದಿವಾನರಾದರು, ಮುಂಬೈ ಶಾಸನ ಸಭೆಯ ಅಧ್ಯಕ್ಷರಾಗಿ 1923ರಲ್ಲಿ ತೀರಿಕೊಂಡರು.

‘ಹೇಗೆ ತಂದರೂ ಸರಿ, ಬಂದಮೇಲೆ ವಿಚಾರಣೆ’ ಎಂಬ ತತ್ವಕ್ಕೆ ಅದನ್ನು ಹೆತ್ತ ಇಂಗ್ಲೆಂಡೇ 1993ರಲ್ಲಿ ಪೆಟ್ಟು ಕೊಟ್ಟಿತು. ದಕ್ಷಿಣ ಆಫ್ರಿಕದಿಂದ ಸರಿಯಾದ ಕ್ರಮವಿಲ್ಲದೆ ಲಂಡನ್ನಿಗೆ ತಂದ ಆರೋಪಿಯೊಬ್ಬನ ಪ್ರಕರಣದಲ್ಲಿ, ಅಂಥ ವಿಚಾರಣೆಯನ್ನು ಕೋರ್ಟು ನಿಲ್ಲಿಸಬಹುದು ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಅದಕ್ಕೂ ಮೊದಲು, 1987ರಲ್ಲಿ, ನಿರಾಶ್ರಿತನ ಅರ್ಜಿ ತಿರಸ್ಕರಿಸಿದ ಸರಕಾರಿ ಆದೇಶವನ್ನು ನ್ಯಾಯಾಲಯ ಅತ್ಯಂತ ಕಳಕಳಿಯಿಂದ ಪರೀಕ್ಷಿಸಬೇಕು, ಏಕೆಂದರೆ ಅಲ್ಲಿ ಒಂದು ಜೀವದ ಪ್ರಶ್ನೆ ಇರುತ್ತದೆ ಎಂದೂ ಅದೇ ಸಭೆ ಹೇಳಿತ್ತು. ಬ್ರಿಕ್ಸ್‌ಟನ್ ಜೈಲಿನಲ್ಲಿದ್ದ ನಮ್ಮ ಕೈದಿಗೆ ಈ ಮಾತು 77 ವರ್ಷ ತಡ.

ಮತ್ತೆ ನಮ್ಮ ದೇಶ? 1962ರ ನಮ್ಮ ಕಾಯ್ದೆ ರಾಜಕೀಯ ಅಪರಾಧಿಯನ್ನು ಪರದೇಶಕ್ಕೆ ಒಪ್ಪಿಸಬಾರದು ಎನ್ನುತ್ತದೆ. ಆದರೆ ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಜಾಗತಿಕ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅವರಿಗಾಗಿ ಬೇರೆ ಕಾಯ್ದೆಯೂ ಇಲ್ಲ. ಆಶ್ರಯ ಸಿಕ್ಕಿದ್ದೆಲ್ಲ ಸರಕಾರದ ತೀರ್ಮಾನದಿಂದ. ಟಿಬೆಟಿನಿಂದ ಬಂದವರಿಗೆ 1960ರಲ್ಲಿ ಬೈಲುಕುಪ್ಪೆಯಲ್ಲಿ, 1966ರಲ್ಲಿ ಚಂದಾವರ್ಕರರದೇ ಜಿಲ್ಲೆಯ ಮುಂಡಗೋಡಿನಲ್ಲಿ ನೆಲ ಕೊಟ್ಟದ್ದು ಹಾಗೆ. ಇಲ್ಲ ಎಂದರೆ ಕೋರ್ಟಿಗೆ ಹೋಗುವ ದಾರಿ ಇಕ್ಕಟ್ಟಿನದು. ಪರದೇಶಿಯನ್ನು ಹೊರಹಾಕುವ ಅಧಿಕಾರ ಸರಕಾರಕ್ಕೆ ಪೂರ್ತಿಯಾಗಿ ಇದೆ ಎಂದು ಸುಪ್ರೀಂ ಕೋರ್ಟು 1955ರಲ್ಲೇ ಹೇಳಿತು. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ, ನಾಗರಿಕನಲ್ಲದವನ ಜೀವವನ್ನೂ ಕಾಪಾಡುವುದು ಸರಕಾರದ ಹೊಣೆ ಎಂದಿತು. 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಪ್ರಕರಣದಲ್ಲಿ ಗಡೀಪಾರಿಗೆ ತಡೆ ಕೊಡಲು ನಿರಾಕರಿಸಿ, ನಿಗದಿಯಾದ ಕ್ರಮ ಮಾತ್ರ ಪಾಲಿಸಿ ಅಂದಿತು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ, ಅದರಲ್ಲಿಯೂ ನಿರಾಶ್ರಿತ ಎಂಬವನಿಗೆ ಪ್ರತ್ಯೇಕ ಬಾಗಿಲಿಲ್ಲ.

ಇನ್ನೊಂದು ಪ್ರಕರಣ ಹೇಳಿ ಮುಗಿಸುತ್ತೇನೆ. 1994ರಲ್ಲಿ ಇರಾನಿನ ಒಬ್ಬ ಮನುಷ್ಯ ಇದೇ ಹೈಕೋರ್ಟಿನ ಮೆಟ್ಟಿಲು ಹತ್ತಿದ. ತನ್ನನ್ನು ಇರಾನಿಗೆ ವಾಪಸು ಅಟ್ಟಬಾರದು ಎಂಬುದು ಅವನ ಬೇಡಿಕೆ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಅವನನ್ನು ನಿರಾಶ್ರಿತನೆಂದು ಒಪ್ಪಿತ್ತು. ಹಾಗಿರುವಾಗ ಇರಾನಿಗೆ ಗಡೀಪಾರು ಮಾಡುವ ಪ್ರಶ್ನೆಯೇ ಬರುವುದಿಲ್ಲ ಎಂದು ಮುಂಬೈ ಹೈಕೋರ್ಟು ಹೇಳಿತು. ಅಷ್ಟೇ ಅಲ್ಲ, ತನಗೆ ಬೇಕಾದ ದೇಶಕ್ಕೆ ಹೋಗಲು ಅವನಿಗೆ ಅನುಮತಿ ಕೊಟ್ಟಿತು.